ಮುಚ್ಚಿದ ಕಡತ, ಮರಳಿ ಬಂದ ಪತ್ತೇದಾರರು

2003ರ ಮಾರ್ಚ್‌ನಲ್ಲಿ ಬಿಬಿಸಿ ‘ನ್ಯೂ ಟ್ರಿಕ್ಸ್’ ಎಂಬ ಪತ್ತೇದಾರಿ ನಾಟಕವನ್ನು ಒಂದೇ ಕಂತಿನಲ್ಲಿ ಪ್ರಸಾರ ಮಾಡಿತು. ಮರುವರ್ಷ ಅದು ಧಾರಾವಾಹಿಯಾಯಿತು, 2015ರವರೆಗೆ 12 ಸರಣಿ ಓಡಿತು. ಜನಪ್ರಿಯತೆಯ ತುದಿಯಲ್ಲಿದ್ದಾಗ ಬ್ರಿಟನ್ನಿನಲ್ಲಿ ಒಂದು ಕಂತನ್ನು 90 ಲಕ್ಷಕ್ಕೂ ಹೆಚ್ಚು ಜನ ನೋಡುತ್ತಿದ್ದರು. ಮುಖ್ಯ ಪಾತ್ರಗಳಲ್ಲಿ ಹೆಚ್ಚಿನವರು ಪಿಂಚಣಿ ಪಡೆಯುತ್ತಿರುವ ಮುದುಕರು ಎಂಬುದನ್ನು ನೆನೆದರೆ ಇದು ಸಣ್ಣ ಮಾತಲ್ಲ.

ಒತ್ತೆಯಾಳನ್ನು ಬಿಡಿಸುವ ಕಾರ್ಯಾಚರಣೆಯೊಂದು ಕೆಟ್ಟು, ನಾಯಿಯೊಂದಕ್ಕೆ ಗುಂಡು ತಗುಲಿ, ಪತ್ರಿಕೆಗಳ ಬಾಯಿಗೆ ಬಿದ್ದ ಅಧಿಕಾರಿ ಸ್ಯಾಂಡ್ರಾ ಪುಲ್ಮನ್. ಅವಳನ್ನು ಬಗೆಹರಿಯದ ಹಳೆಯ ಪ್ರಕರಣಗಳ ಪುಟ್ಟ ದಳವೊಂದಕ್ಕೆ ಎತ್ತಂಗಡಿ ಮಾಡುತ್ತಾರೆ. ಅವಳ ಕೈಕೆಳಗೆ ಬರುವವರು ಮೂವರು ನಿವೃತ್ತ ಪತ್ತೇದಾರರು. ಜ್ಯಾಕ್ ಹಾಲ್ಫರ್ಡ್ ಹಿಂದೆ ಅವಳಿಗೇ ಮೇಲಧಿಕಾರಿಯಾಗಿದ್ದವನು. ಅಪಘಾತದಲ್ಲಿ ತೀರಿಹೋದ ಹೆಂಡತಿಯ ನೆನಪಿನ ಕಲ್ಲಿನೆದುರು ರಾತ್ರಿ ಹಿತ್ತಲಲ್ಲಿ ಕೂತು ಅವಳೊಡನೆ ಮಾತಾಡುತ್ತಾನೆ. ಬ್ರಯನ್ ಲೇನ್ ಕುಡಿತ ಬಿಟ್ಟವನು. ಮೂವತ್ತು ವರ್ಷದ ಹಿಂದಿನ ಕಡತದ ವಿವರಗಳೂ ಅವನಿಗೆ ಬಾಯಿಪಾಠ. ಗೆರಿ ಸ್ಟ್ಯಾಂಡಿಂಗ್‌ಗೆ ಮೂವರು ಮಾಜಿ ಹೆಂಡತಿಯರು, ಜೂಜಿನ ಚಟ, ಒಳ್ಳೆಯ ಕೈರುಚಿ. ಗೆರಿಯ ಪಾತ್ರ ಮಾಡಿದ ಡೆನಿಸ್ ವಾಟರ್ಮನ್ 1970ರ ದಶಕದಲ್ಲಿ ‘ದ ಸ್ವೀನಿ’ ಧಾರಾವಾಹಿಯಲ್ಲಿ ಬಿಸಿರಕ್ತದ ಯುವ ಪೊಲೀಸನಾಗಿ ಮನೆಮಾತಾದವರು. ಅದೇ ಮುಖ ಮುಪ್ಪಾಗಿ ಮರಳಿ ಬಂದಾಗ, ಒಂದು ಕಾಲದ ಪೊಲೀಸ್ ವ್ಯವಸ್ಥೆಯೇ ಮರಳಿ ಬಂದಂತೆ ಅಲ್ಲಿನ ನೋಡುಗರಿಗೆ ಕಂಡಿತು. ಇದನ್ನು ಕಟ್ಟಿದವರು ರಾಯ್ ಮಿಚೆಲ್ ಮತ್ತು ನೈಜಲ್ ಮೆಕ್ರೆರಿ. ಮೆಕ್ರೆರಿ ಸ್ವತಃ ಪೊಲೀಸ್ ಕೆಲಸ ಮಾಡಿ ಬಂದವರು. ‘ಸೈಲೆಂಟ್ ವಿಟ್ನೆಸ್’ ಕೂಡ ಅವರದೇ ಸೃಷ್ಟಿ.

ಕಥೆಯಲ್ಲಿರುವ ಹೆಸರಿನ ದಳ ಲಂಡನ್ ಪೊಲೀಸರಲ್ಲಿ ಇಲ್ಲ. ಆದರೆ ನಿವೃತ್ತರನ್ನು ಕರೆತಂದು ಹಳೆಯ ಕೊಲೆಗಳ ಕಡತ ಓದಿಸುವ ಪದ್ಧತಿ ಬ್ರಿಟನ್ನಿನ ಅನೇಕ ಪೊಲೀಸ್ ಪಡೆಗಳಲ್ಲಿ ಇದೆ. ಅದು ಹೇಗೆ ನಡೆಯುತ್ತದೆ ಎಂದು ತಿಳಿದುಕೊಂಡು ಈ ಧಾರಾವಾಹಿ ನೋಡಿದರೆ ಅದರ ರುಚಿಯೇ ಬೇರೆ.

ಮೊದಲನೆಯದಾಗಿ, ಇಷ್ಟೊಂದು ನಿವೃತ್ತ ಪತ್ತೇದಾರರು ಸಿಗುವುದು ಹೇಗೆ? ಉತ್ತರ ಪಿಂಚಣಿ ನಿಯಮದಲ್ಲಿದೆ. ಬ್ರಿಟಿಷ್ ಪೊಲೀಸರ ಹಳೆಯ ಪಿಂಚಣಿ ಯೋಜನೆಯಲ್ಲಿ 30 ವರ್ಷ ಸೇವೆ ಮುಗಿಸಿದರೆ ಪೂರ್ತಿ ಪಿಂಚಣಿ. ಇಪ್ಪತ್ತರ ಪ್ರಾಯದಲ್ಲಿ ಸೇರಿದವನು ಐವತ್ತಕ್ಕೆ ಮನೆಗೆ ಬರುತ್ತಿದ್ದ. ಕೈಕಾಲು ಗಟ್ಟಿಯಿದೆ, ತಲೆ ಚುರುಕಾಗಿದೆ, ಮಾಡಲು ಕೆಲಸವಿಲ್ಲ. ಇಂಥವರನ್ನು ಸಿವಿಲಿಯನ್ ತನಿಖಾಧಿಕಾರಿಗಳಾಗಿ ಮತ್ತೆ ನೇಮಿಸಿಕೊಂಡರೆ ಅನುಭವವೂ ಉಳಿಯುತ್ತದೆ, ಸೇವೆಯಲ್ಲಿರುವವರನ್ನು ಹೊಸ ಪ್ರಕರಣಗಳಿಂದ ಎಳೆಯುವ ಅಗತ್ಯವೂ ಇಲ್ಲ. ಮರಳಿ ಬಂದವನ ಬಳಿ ಪೊಲೀಸ್ ಅಧಿಕಾರದ ಗುರುತಾದ ವಾರಂಟ್ ಕಾರ್ಡ್ ಇರುವುದಿಲ್ಲ. ಪೊಲೀಸ್ ಮುಖ್ಯಸ್ಥರು ಕೆಲವು ಅಧಿಕಾರಗಳನ್ನು ಇಂಥ ಸಿಬ್ಬಂದಿಗೆ ವಹಿಸಿಕೊಡಲು 2002ರ ಕಾಯ್ದೆಯೊಂದು ಅವಕಾಶ ಕೊಟ್ಟಿದೆ; ಅಷ್ಟೇ. ‘ನ್ಯೂ ಟ್ರಿಕ್ಸ್’ನಲ್ಲಿ ಬಂಧಿಸಬೇಕಾದ ಗಳಿಗೆ ಬಂದಾಗ ಸ್ಯಾಂಡ್ರಾಗೆ ಕಾಯಬೇಕಾಗುವುದು ಇದಕ್ಕಾಗಿಯೇ. ಮೂರು ದಶಕ ಜನರನ್ನು ಹಿಡಿದು ಒಳಗೆ ಹಾಕಿದ ಗಂಡಸರು, ಈಗ ಬಂಧಿಸುವ ಹಕ್ಕಿಗಾಗಿ ಒಬ್ಬ ಹೆಣ್ಣಿನ ಕಡೆ ನೋಡಬೇಕು. ನಾಟಕದ ಅರ್ಧ ಬಿಸಿ ಹುಟ್ಟುವುದು ಇಲ್ಲಿ.

ಕಡತ ಓದುವ ಕಲೆ

ನಿವೃತ್ತನನ್ನು ಕರೆಸುವುದು ಅವನ ಒಳಮನಸ್ಸಿನ ಸೂಚನೆಗಾಗಿ ಎಂದು ಧಾರಾವಾಹಿಗಳು ತೋರಿಸುತ್ತವೆ. ನನ್ನ ಪ್ರಕಾರ ಅವನ ನಿಜವಾದ ಬೆಲೆ ಬೇರೆ ಕಡೆ ಇದೆ: ಆ ಕಾಲದ ಕಡತವನ್ನು ಓದಲು ಅವನಿಗೆ ಬರುತ್ತದೆ.

ಇಂಗ್ಲೆಂಡಿನ ಪೊಲೀಸ್ ಕಡತಗಳಿಗೆ ಎರಡು ಯುಗ. ‘ಪೇಸ್’ ಎಂದು ಕರೆಯುವ 1984ರ ಪೊಲೀಸ್ ಮತ್ತು ಅಪರಾಧ ಸಾಕ್ಷ್ಯ ಕಾಯ್ದೆ 1986ರಲ್ಲಿ ಜಾರಿಗೆ ಬಂತು. ಅದಕ್ಕೂ ಮುಂಚೆ ಶಂಕಿತನ ಹೇಳಿಕೆಯನ್ನು ಪೊಲೀಸನೇ ಕೈಯಲ್ಲಿ ಬರೆದುಕೊಳ್ಳುತ್ತಿದ್ದ. ಎಷ್ಟೋ ಸಲ ಠಾಣೆಗೆ ಮರಳಿದ ಮೇಲೆ ನೆನಪಿನಿಂದ ಬರೆಯುತ್ತಿದ್ದ. ಶಂಕಿತ ಆಡದ ಮಾತನ್ನು ಅವನ ಬಾಯಿಗೆ ಹಾಕುವುದಕ್ಕೆ ಪೊಲೀಸರ ಆಡುಮಾತಿನಲ್ಲಿ ‘ವರ್ಬಲ್’ ಎಂಬ ಹೆಸರೇ ಇತ್ತು. ಇದರ ಗಂಭೀರತೆ ನಮಗೆ ಚಟ್ಟನೆ ತಿಳಿಯುವುದಿಲ್ಲ. 1872ರ ಸಾಕ್ಷ್ಯ ಕಾಯ್ದೆಯ ಕಾಲದಿಂದಲೂ ನಮ್ಮಲ್ಲಿ ಪೊಲೀಸ್ ಅಧಿಕಾರಿಯ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಬಳಸುವಂತಿಲ್ಲ. ಬ್ರಿಟಿಷರು ಭಾರತಕ್ಕೆಂದು ಬರೆದ ಈ ರಕ್ಷಣೆ ಅವರ ಸ್ವಂತ ನೆಲದಲ್ಲಿ ಇರಲಿಲ್ಲ. ಅಲ್ಲಿ ಠಾಣೆಯ ತಪ್ಪೊಪ್ಪಿಗೆಯೊಂದರಿಂದಲೇ ಜೀವಾವಧಿ ಶಿಕ್ಷೆ ಆಗಬಹುದಿತ್ತು. ಪೇಸ್ ಬಂದಮೇಲೆ ವಿಚಾರಣೆಯನ್ನು ಟೇಪ್ ಮಾಡುವ ರೂಢಿ ಬೆಳೆಯಿತು.

ಹಾಗಾಗಿ 1978ರ ಕಡತವೊಂದನ್ನು ಇಂದಿನ ಯುವ ಅಧಿಕಾರಿ ತೆರೆದರೆ ಅವಳಿಗೆ ಕಾಣುವುದು ಹೇಳಿಕೆಗಳ ಕಂತೆ. ಅದೇ ಕಾಲದಲ್ಲಿ ಕೆಲಸ ಮಾಡಿದವನಿಗೆ ಇನ್ನಷ್ಟು ಕಾಣುತ್ತದೆ. ಇಬ್ಬರು ಪೊಲೀಸರ ಟಿಪ್ಪಣಿ ಅಕ್ಷರಶಃ ಒಂದೇ ಥರ ಇದ್ದರೆ ಅವರು ಒಟ್ಟಿಗೆ ಕೂತು ಬರೆದಿದ್ದಾರೆ. ಇಂತಿಂಥ ತನಿಖಾಧಿಕಾರಿ ಒಬ್ಬನ ಮೇಲೆ ಅನುಮಾನ ಕಟ್ಟಿಕೊಂಡರೆ ಬೇರೆ ಜಾಡನ್ನು ಬಿಟ್ಟೇಬಿಡುತ್ತಿದ್ದ. ಸಾಕ್ಷಿಯ ಮಾತು ಇದ್ದಕ್ಕಿದ್ದಂತೆ ಕಾನೂನಿನ ಭಾಷೆಗೆ ತಿರುಗಿದ್ದರೆ ಅಲ್ಲಿ ಬರೆದವನ ಕೈ ಇದೆ. ಇದನ್ನೆಲ್ಲ ಯಾವ ಕೈಪಿಡಿಯೂ ಕಲಿಸುವುದಿಲ್ಲ.

ಕಾಗದದ ರಾಶಿಯೇ ಒಂದು ಸಮಸ್ಯೆಯಾಗಿತ್ತು. ‘ಯಾರ್ಕ್‌ಶೈರ್ ರಿಪ್ಪರ್’ ಎಂದು ಕುಖ್ಯಾತನಾದ ಸರಣಿ ಹಂತಕ ಪೀಟರ್ ಸಟ್‌ಕ್ಲಿಫ್‌ನನ್ನು 1981ರ ಜನವರಿಯಲ್ಲಿ ಹಿಡಿಯುವ ಮುಂಚೆ, ಆ ತನಿಖೆಯ ಅವಧಿಯಲ್ಲೇ ಪೊಲೀಸರು ಅವನನ್ನು ಒಂಬತ್ತು ಸಲ ಮಾತಾಡಿಸಿ ಬಿಟ್ಟಿದ್ದರು. ಮಾಹಿತಿಯೆಲ್ಲ ಲೀಡ್ಸ್‌ನ ಮಿಲ್‌ಗಾರ್ತ್ ಠಾಣೆಯ ಕಾರ್ಡುಗಳಲ್ಲಿತ್ತು. ಆ ಭಾರ ತಾಳಲೆಂದು ಕೋಣೆಯ ನೆಲವನ್ನೇ ಬಲಪಡಿಸಬೇಕಾಯಿತು. ಒಂದು ಕಾರ್ಡು ಇನ್ನೊಂದರ ಜೊತೆ ಸೇರಲಿಲ್ಲ, ಹೆಂಗಸರು ಸಾಯುತ್ತ ಹೋದರು. ಈ ಸೋಲಿನ ಪಾಠದಿಂದಲೇ 1980ರ ದಶಕದ ನಡುವೆ ‘ಹೋಮ್ಸ್’ ಎಂಬ ಕಂಪ್ಯೂಟರ್ ವ್ಯವಸ್ಥೆ ಬಂತು. ಹಳೆಯ ಪ್ರಕರಣ ಮತ್ತೆ ತೆರೆದಾಗ ಎಷ್ಟೋ ಸಲ ಮೊದಲ ಕೆಲಸವೆಂದರೆ ಪೆಟ್ಟಿಗೆಗಳಲ್ಲಿರುವ ಕಾಗದವನ್ನೆಲ್ಲ ಕಂಪ್ಯೂಟರಿಗೆ ಏರಿಸುವುದು. ತಿಂಗಳುಗಟ್ಟಲೆಯ ಕೆಲಸ ಅದು. ಟಿವಿಯಲ್ಲಿ ಬ್ರಯನ್ ಲೇನ್‌ನ ನೆನಪಿನ ಶಕ್ತಿ ಈ ತಿಂಗಳುಗಳನ್ನು ಒಂದು ಕ್ಷಣಕ್ಕೆ ಇಳಿಸಿಬಿಡುತ್ತದೆ. ಕಥೆಗಾರರು ಆ ಪಾತ್ರವನ್ನು ಹಾಗೆ ಕಟ್ಟಿದ್ದರ ಜಾಣತನವನ್ನು ಮೆಚ್ಚಲೇಬೇಕು.

ಕಡತ ‘ಮುಚ್ಚುವುದು’ ಅಂದರೇನು ಎಂಬುದೂ ಗೊತ್ತಿರಬೇಕು. ಕರ್ನಾಟಕದಲ್ಲಿ ಅಪರಾಧ ನಡೆದಿರುವುದು ನಿಜ, ಆದರೆ ಪತ್ತೆಯಾಗಲಿಲ್ಲ ಎಂದಾಗ ಪೊಲೀಸರು ನ್ಯಾಯಾಲಯಕ್ಕೆ ‘ಸಿ’ ರಿಪೋರ್ಟ್ ಹಾಕುತ್ತಾರೆ. ಹೊಸ ಸುಳಿವು ಸಿಕ್ಕರೆ ತನಿಖೆ ಮುಂದುವರಿಸಲು ಕಾನೂನು ಬಿಡುತ್ತದೆ. ಇಂಗ್ಲೆಂಡಿನಲ್ಲಿ ಪತ್ತೆಯಾಗದ ಕೊಲೆ ಯಾವತ್ತೂ ಮುಚ್ಚುವುದಿಲ್ಲ, ಮರುಪರಿಶೀಲನೆಗೆ ಕಾಯುತ್ತಿರುತ್ತದೆ. ಕೊಲೆಗೆ ಕಾಲಮಿತಿ ಅಲ್ಲೂ ಇಲ್ಲ, ಇಲ್ಲೂ ಇಲ್ಲ.

ಕಾರ್ಡಿಫ್‌ನ ಒಂದು ಫ್ಲ್ಯಾಟು

ಈ ಕೆಲಸವನ್ನು ಹತ್ತಿರದಿಂದ ನೋಡಲು ವೇಲ್ಸ್‌ನ ಒಂದು ನಿಜ ಪ್ರಕರಣಕ್ಕೆ ಹೋಗೋಣ. 1988ರ ಫೆಬ್ರುವರಿ 14ರ ಬೆಳಗಿನ ಜಾವ ಕಾರ್ಡಿಫ್‌ನ ಬ್ಯೂಟ್‌ಟೌನ್ ಬಡಾವಣೆಯ ಫ್ಲ್ಯಾಟೊಂದರಲ್ಲಿ ಲಿನೆಟ್ ವೈಟ್ ಎಂಬ 20 ವರ್ಷದ ಯುವತಿಯ ಕೊಲೆಯಾಯಿತು. ಐವತ್ತಕ್ಕೂ ಹೆಚ್ಚು ಇರಿತ. ರಕ್ತ ಸುರಿಯುತ್ತಿದ್ದ ಕೈಯ ಬಿಳಿಯ ಗಂಡಸೊಬ್ಬ ಹತ್ತಿರದಲ್ಲಿ ಕಂಡಿದ್ದ. ಅವನ ಚಿತ್ರ ಬರೆಸಿ ಪೊಲೀಸರು ಪ್ರಚಾರ ಮಾಡಿದರು. ಆದರೆ ತಿಂಗಳುಗಳ ನಂತರ ಬಂಧಿಸಿದ್ದು ಬಿಳಿಯರಲ್ಲದ ಐವರನ್ನು. 1990ರಲ್ಲಿ ಅವರಲ್ಲಿ ಮೂವರಿಗೆ ಜೀವಾವಧಿ ಶಿಕ್ಷೆಯಾಯಿತು.

ಆ ಮೂವರಲ್ಲಿ ಸ್ಟೀಫನ್ ಮಿಲ್ಲರ್ ಒಬ್ಬ. ಐದು ದಿನಗಳಲ್ಲಿ ಸುಮಾರು 13 ತಾಸು ಅವನ ವಿಚಾರಣೆ ನಡೆದಿತ್ತು. 300ಕ್ಕೂ ಹೆಚ್ಚು ಸಲ ತಾನು ಮಾಡಿಲ್ಲ ಎಂದಿದ್ದ. ಕೊನೆಗೆ ಮುರಿದುಬಿದ್ದು, ಪೊಲೀಸರಿಗೆ ಬೇಕಾದ ಮಾತು ಆಡಿದ. ಪೇಸ್ ಆಗಲೇ ಬಂದಿದ್ದರಿಂದ ಇದೆಲ್ಲ ಟೇಪಿನಲ್ಲಿತ್ತು. 1992ರಲ್ಲಿ ಮೇಲ್ಮನವಿ ನ್ಯಾಯಾಲಯದ ನ್ಯಾಯಮೂರ್ತಿಗಳು ಕಾಗದ ಓದುವುದರ ಜೊತೆಗೆ ಆ ಟೇಪನ್ನೂ ಕೇಳಿದರು. ಪೊಲೀಸರು ಅವನ ಮೇಲೆ ಕೂಗಿ ಎಗರಾಡಿದ ರೀತಿಗೆ ದಿಗಿಲಾಗಿ ಮೂವರನ್ನೂ ಬಿಡುಗಡೆ ಮಾಡಿದರು. ಅದೇ ವಿಚಾರಣೆ ಹತ್ತು ವರ್ಷ ಮುಂಚೆ ನಡೆದಿದ್ದರೆ ಕಡತದಲ್ಲಿ ನಯವಾದ ಒಂದು ಹೇಳಿಕೆ, ಕೆಳಗೊಂದು ಸಹಿ ಮಾತ್ರ ಇರುತ್ತಿತ್ತು.

ಈಗ ಪ್ರಶ್ನೆ ಉಳಿಯಿತು: ಕೊಂದವನು ಯಾರು? 1999ರ ಹೊತ್ತಿಗೆ ಪ್ರಕರಣದ ಮರುಪರಿಶೀಲನೆ ಶುರುವಾಯಿತು. ವಿಧಿವಿಜ್ಞಾನಿ ಏಂಜೆಲಾ ಗ್ಯಾಲಪ್ ಅವರ ತಂಡ ಹಳೆಯ ವಸ್ತುಗಳನ್ನು ಒಂದೊಂದಾಗಿ ಮತ್ತೆ ನೋಡಿತು. ಸಿಗರೇಟು ಪೊಟ್ಟಣದ ಮೇಲೆ ಸುತ್ತಿರುವ ಪಾರದರ್ಶಕ ಹಾಳೆಯ ಚೂರೊಂದರಲ್ಲಿ ರಕ್ತದ ಕಲೆ ಸಿಕ್ಕಿತು. ಅದು ಲಿನೆಟ್‌ಳದಲ್ಲ, ಯಾವನೋ ಗಂಡಸಿನದು. ತಂಡ ಅಷ್ಟಕ್ಕೇ ನಿಲ್ಲಲಿಲ್ಲ. ಫ್ಲ್ಯಾಟಿನ ಗೋಡೆಯ ಬುಡಕ್ಕೆ ಹೊಡೆದಿದ್ದ ಮರದ ಪಟ್ಟಿಗೆ ಆಮೇಲೆ ಬಣ್ಣ ಬಳಿದಿದ್ದರು. ಆ ಬಣ್ಣವನ್ನು ಪದರಪದರವಾಗಿ ಕೆರೆದಾಗ ಅಡಿಯಲ್ಲಿ 1988ರ ರಕ್ತ ಹಾಗೇ ಇತ್ತು. ಅದೂ ಅದೇ ಗಂಡಸಿನದು. ಬಣ್ಣ ಅದನ್ನು ಅಳಿಸುವ ಬದಲು ಹನ್ನೆರಡು ವರ್ಷ ಕಾಪಾಡಿತ್ತು.

ಇದು ಸಾಧ್ಯವಾದದ್ದು ಏಕೆಂದರೆ ನಡುವೆ ವಿಜ್ಞಾನ ಬೆಳೆದಿತ್ತು. ಡಿಎನ್‌ಎಯಿಂದ ವ್ಯಕ್ತಿಯನ್ನು ಗುರುತಿಸುವ ವಿಧಾನವನ್ನು ಅಲೆಕ್ ಜೆಫ್ರಿಸ್ ಲೆಸ್ಟರ್‌ನಲ್ಲಿ 1984ರಲ್ಲಿ ಕಂಡುಹಿಡಿದಿದ್ದರು. ಆರಂಭದ ಪರೀಕ್ಷೆಗೆ ಕಣ್ಣಿಗೆ ಚೆನ್ನಾಗಿ ಕಾಣುವಷ್ಟು ರಕ್ತ ಬೇಕಿತ್ತು. 1995ರಲ್ಲಿ ಬ್ರಿಟನ್ನಿನ ರಾಷ್ಟ್ರೀಯ ಡಿಎನ್‌ಎ ಮಾಹಿತಿಕೋಶ ಶುರುವಾದಾಗ ಡಿಎನ್‌ಎಯ ಆರು ತಾಣಗಳನ್ನು ನೋಡುತ್ತಿದ್ದರು, 1999ರಿಂದ ಹತ್ತು ತಾಣ. ಪ್ರತಿ ತಾಣದಲ್ಲೂ ಎರಡು ಸಂಖ್ಯೆ: ಒಂದು ತಾಯಿ ಕೊಟ್ಟದ್ದು, ಒಂದು ತಂದೆ ಕೊಟ್ಟದ್ದು. ಹತ್ತು ತಾಣದ ಇಪ್ಪತ್ತು ಸಂಖ್ಯೆಗಳೂ ಇಬ್ಬರು ಸಂಬಂಧವಿಲ್ಲದವರಲ್ಲಿ ಹೊಂದುವ ಸಂಭವ ಇಲ್ಲವೆನ್ನುವಷ್ಟು ಕಡಿಮೆ.

ಕೋಶದಲ್ಲಿ ಆ ಗಂಡಸಿನ ಗುರುತು ಇರಲಿಲ್ಲ. ಆಗ ತನಿಖೆಯವರು ಬೇರೆ ದಾರಿ ಹಿಡಿದರು. ರಕ್ತಸಂಬಂಧಿಗಳು ಈ ಸಂಖ್ಯೆಗಳಲ್ಲಿ ಕೆಲವನ್ನು ಹಂಚಿಕೊಂಡಿರುತ್ತಾರೆ: ತಂದೆ ಮಕ್ಕಳಿಗೆ ಅರ್ಧ ಸಮ, ಸೋದರಮಾವ ಅಥವಾ ಚಿಕ್ಕಪ್ಪನಿಗೂ ಅವರ ಅಣ್ಣತಮ್ಮ, ಅಕ್ಕತಂಗಿಯರ ಮಕ್ಕಳಿಗೂ ಸರಾಸರಿ ಕಾಲು ಭಾಗ. ಕೊಲೆಗಾರನ ಡಿಎನ್‌ಎಯಲ್ಲಿ ಅಪರೂಪದ ಒಂದು ಸಂಖ್ಯೆ ಇತ್ತು. ಅದಿರುವವರನ್ನು ಕೋಶದಲ್ಲಿ ಹುಡುಕಿ, ಸ್ಥಳೀಯರನ್ನು ಆರಿಸಿ, ಸೋಸುತ್ತ ಹೋದಾಗ 14 ವರ್ಷದ ಒಬ್ಬ ಹುಡುಗನ ಗುರುತು ಬಹಳ ಹತ್ತಿರ ಬಂತು. ಹುಡುಗ ಕೊಲೆಗಾರನಾಗಿರಲು ಸಾಧ್ಯವೇ ಇಲ್ಲ. ಅವನ ಕುಟುಂಬದ ಗಂಡಸರ ಮಾದರಿ ಕೇಳುತ್ತ ಹೋದ ಪೊಲೀಸರು ತಲುಪಿದ್ದು ಜೆಫ್ರಿ ಗಫೂರ್ ಎಂಬ ಸೆಕ್ಯೂರಿಟಿ ಗಾರ್ಡ್ ಬಳಿಗೆ. ಅವನು 2003ರ ಜುಲೈನಲ್ಲಿ ತಪ್ಪೊಪ್ಪಿಕೊಂಡು ಜೀವಾವಧಿ ಶಿಕ್ಷೆಗೆ ಒಳಗಾದ. ‘ನ್ಯೂ ಟ್ರಿಕ್ಸ್’ ಮೊದಲ ಸಲ ಟಿವಿಯಲ್ಲಿ ಬಂದ ವರ್ಷವೇ ಅದು.

ಮೊದಲ ತನಿಖೆಯ ಪೊಲೀಸರ ಮೇಲೂ ಮೊಕದ್ದಮೆ ನಡೆಯಿತು. ಮುಖ್ಯ ದಾಖಲೆಗಳು ನಾಶವಾಗಿವೆ ಎಂದುಕೊಂಡಿದ್ದರಿಂದ 2011ರಲ್ಲಿ ಅದು ಕುಸಿದುಬಿದ್ದು ಆರೋಪಿಗಳು ಖುಲಾಸೆಯಾದರು. ಕೆಲವೇ ವಾರಗಳಲ್ಲಿ ಆ ದಾಖಲೆಗಳು ಪೊಲೀಸರ ಬಳಿಯೇ ಸಿಕ್ಕವು. ಎರಡು ವರ್ಷಕ್ಕೂ ಹೆಚ್ಚು ತಪ್ಪಿಲ್ಲದೆ ಜೈಲಿನಲ್ಲಿ ಕಳೆದವರಿಗೆ ಹೇಗೆ ಸಮಾಧಾನ ಹೇಳುವುದು, ನನಗಂತೂ ತಿಳಿಯದು.

ಕಾನೂನು ಬದಲಾದಾಗ

ಸಾಕ್ಷ್ಯ ಸಿಕ್ಕರೂ ಒಂದು ಗೋಡೆ ಉಳಿದಿತ್ತು. ಒಮ್ಮೆ ಖುಲಾಸೆಯಾದವನನ್ನು ಅದೇ ಅಪರಾಧಕ್ಕೆ ಮತ್ತೆ ವಿಚಾರಣೆ ಮಾಡುವಂತಿಲ್ಲ ಎಂಬುದು ಇಂಗ್ಲೆಂಡಿನ ಶತಮಾನಗಳ ಹಳೆಯ ನಿಯಮ. ಅದನ್ನು ಅಲುಗಾಡಿಸಿದ್ದರಲ್ಲಿ ಆ್ಯನ್ ಮಿಂಗ್ ಎಂಬ ತಾಯಿಯ ಪಾಲು ದೊಡ್ಡದು. 1989ರಲ್ಲಿ ಬಿಲ್ಲಿಂಗ್‌ಹ್ಯಾಮ್‌ನಲ್ಲಿ ಅವರ ಮಗಳು ಜೂಲಿ ಹಾಗ್ ಕಾಣೆಯಾದಳು. ಪೊಲೀಸರು ಮನೆಯನ್ನೆಲ್ಲ ಹುಡುಕಿ ಏನೂ ಸಿಗದೆ ಹೋದರು. ತಿಂಗಳುಗಳ ಮೇಲೆ ಸ್ನಾನದ ತೊಟ್ಟಿಯ ಪಕ್ಕದ ಹಲಗೆಯ ಹಿಂದೆ ಮಗಳ ಶವ ಕಂಡುಹಿಡಿದದ್ದು ತಾಯಿಯೇ. ಆರೋಪಿ ಬಿಲ್ಲಿ ಡನ್‌ಲಪ್ ವಿಷಯದಲ್ಲಿ ಎರಡು ಜ್ಯೂರಿಗಳು ಒಮ್ಮತಕ್ಕೆ ಬರಲಾಗದೆ, 1991ರಲ್ಲಿ ಅವನು ಖುಲಾಸೆಯಾದ. ಮುಂದೆ ಬೇರೆ ಅಪರಾಧಕ್ಕೆ ಜೈಲಿನಲ್ಲಿದ್ದಾಗ ಕೊಂದದ್ದು ತಾನೇ ಎಂದು ಅವನು ಬಾಯಿಬಿಟ್ಟ. ಆದರೂ ಕೊಲೆಗೆ ಅವನನ್ನು ಮುಟ್ಟುವಂತಿರಲಿಲ್ಲ, ಸುಳ್ಳುಸಾಕ್ಷ್ಯಕ್ಕೆ ಮಾತ್ರ ಶಿಕ್ಷೆಯಾಯಿತು. ತಾಯಿ ಮಂತ್ರಿಗಳ ಬಾಗಿಲು ತಟ್ಟುತ್ತಲೇ ಇದ್ದರು. 2003ರ ಕಾಯ್ದೆ ನಿಯಮವನ್ನು ಸಡಿಲಿಸಿತು: ಘೋರ ಅಪರಾಧ, ಹೊಸದಾದ ಬಲವಾದ ಸಾಕ್ಷ್ಯ, ಮೇಲ್ಮನವಿ ನ್ಯಾಯಾಲಯದ ಒಪ್ಪಿಗೆ ಇದ್ದರೆ ಮರುವಿಚಾರಣೆ ಆಗಬಹುದು. ಅದು 2005ರಲ್ಲಿ ಜಾರಿಗೆ ಬಂತು, ಮರುವರ್ಷ ಡನ್‌ಲಪ್‌ಗೆ ಕೊಲೆಯ ಶಿಕ್ಷೆಯಾಯಿತು. ನಮ್ಮಲ್ಲಿ ಸಂವಿಧಾನದ 20(2)ನೇ ವಿಧಿಯಿಂದಾಗಿ, ಒಂದು ಅಪರಾಧಕ್ಕೆ ವಿಚಾರಣೆಯಾಗಿ ಶಿಕ್ಷೆಗೊಳಗಾದವನನ್ನು ಅದಕ್ಕೇ ಮತ್ತೆ ಶಿಕ್ಷಿಸುವಂತಿಲ್ಲ. ಖುಲಾಸೆಯಾದವನಿಗೆ ದಂಡಪ್ರಕ್ರಿಯೆಯ ಕಾನೂನು ರಕ್ಷಣೆ ಕೊಡುತ್ತದೆ.

1993ರಲ್ಲಿ ಲಂಡನ್ನಿನ ಬಸ್ ನಿಲ್ದಾಣದ ಬಳಿ ಬಿಳಿಯ ಯುವಕರ ಗುಂಪು ಇರಿದು ಕೊಂದ ಕಪ್ಪು ಯುವಕ ಸ್ಟೀಫನ್ ಲಾರೆನ್ಸ್ ಪ್ರಕರಣದಲ್ಲೂ ಈ ಕಾಯ್ದೆಯೇ ಕೈಹಿಡಿಯಿತು. 1996ರಲ್ಲಿ ಖುಲಾಸೆಯಾಗಿದ್ದ ಗ್ಯಾರಿ ಡಾಬ್ಸನ್‌ನ ಜಾಕೆಟ್ಟಿನ ಕೊರಳುಪಟ್ಟಿಯಲ್ಲಿ ಅರ್ಧ ಮಿಲಿಮೀಟರಿನಷ್ಟು ರಕ್ತದ ಚುಕ್ಕೆ ಸಿಕ್ಕಿತು. ಪೊಲೀಸ್ ಉಗ್ರಾಣದಲ್ಲೇ ಅದು ಅಂಟಿರಬಹುದು ಎಂದು ಅವನ ವಕೀಲರು ವಾದಿಸಿದರು. ಹಸಿ ರಕ್ತ ಎಳೆಯೊಳಗೆ ಇಳಿದಿದೆ ಎಂದು ವಿಜ್ಞಾನಿಗಳು ತೋರಿಸಿಕೊಟ್ಟರು. 2012ರ ಜನವರಿಯಲ್ಲಿ ಅವನಿಗೂ ಇನ್ನೊಬ್ಬ ಆರೋಪಿ ಡೇವಿಡ್ ನಾರಿಸ್‌ಗೂ ಶಿಕ್ಷೆಯಾಯಿತು. ಇಂಥ ಪ್ರಕರಣಗಳ ಕಾದಾಟ ನಡೆಯುವುದು ಇಲ್ಲೇ: ಚೀಲವನ್ನು ಯಾರು ಯಾವಾಗ ತೆರೆದರು, ಮುದ್ರೆ ಸರಿಯಾಗಿತ್ತೇ, ಎರಡು ಚೀಲಗಳು ಒಂದೇ ಮೇಜಿನ ಮೇಲೆ ಇದ್ದವೇ. ಟಿವಿಯಲ್ಲಿ ಇದು ಕಾಣುವುದು ಬಹಳ ಅಪರೂಪ. ಪ್ರಯೋಗಾಲಯದ ಫೋನು ಬರುತ್ತದೆ, ಕಥೆ ಮುಂದೆ ಓಡುತ್ತದೆ.

ಹಾಗಾದರೆ ‘ನ್ಯೂ ಟ್ರಿಕ್ಸ್’ ಸರಿಯಾಗಿ ಹಿಡಿದದ್ದು ಏನನ್ನು? ಕಾಲ ಮನುಷ್ಯರನ್ನು ಬದಲಿಸುವುದನ್ನು. ಅಂದು ಗಂಡನಿಗೆ ಹೆದರಿ ಸುಳ್ಳು ಹೇಳಿದ ಹೆಂಡತಿ ಇಂದು ಅವನನ್ನು ಬಿಟ್ಟಿದ್ದಾಳೆ. ಗೆಳೆಯನನ್ನು ಕಾಪಾಡಿದ ಹುಡುಗ ಈಗ ಅಪ್ಪನಾಗಿದ್ದಾನೆ. ಮರುಪರಿಶೀಲನೆಯಲ್ಲಿ ಪ್ರಯೋಗಾಲಯದಷ್ಟೇ ನೆಚ್ಚುವುದು ಇಂಥ ಬದಲಾದ ನಂಟುಗಳನ್ನು. ಹೆಚ್ಚು ದಿಟ್ಟವಾದ ಇನ್ನೊಂದು ಸಂಗತಿಯಿದೆ: ಎಷ್ಟೋ ಕಂತುಗಳಲ್ಲಿ ಜಾಡು ಹಿಡಿದು ಹೋದರೆ ತಲುಪುವುದು ಇವರ ಹಳೆಯ ಸಹೋದ್ಯೋಗಿಗಳ ಮನೆ ಬಾಗಿಲಿಗೆ. ತಪ್ಪು ಮಾಡಿದ ತಲೆಮಾರೇ ಆ ತಪ್ಪನ್ನು ಹುಡುಕಲು ಕೂತಿದೆ. ಬ್ರಯನ್‌ನ ಸ್ವಂತ ನಿವೃತ್ತಿಯ ಹಿಂದೆಯೂ ಠಾಣೆಯಲ್ಲಿ ಸತ್ತ ಒಬ್ಬ ಕೈದಿಯ ನೆರಳಿದೆ. ಧಾರಾವಾಹಿ ತಮಾಷೆಯ ಧಾಟಿಯಲ್ಲಿ ಸಾಗಿದರೂ ಈ ಭಾರವನ್ನು ಕೆಳಗಿಳಿಸುವುದಿಲ್ಲ.

ಇದೇ ಜಾಡಿನ ಬೇರೆ ಕಥೆಗಳೂ ಇವೆ. ಇಯನ್ ರ್‍ಯಾಂಕಿನ್ ತನ್ನ ಎಡಿನ್‌ಬರಾ ಪತ್ತೇದಾರ ರೀಬಸ್‌ನನ್ನು 2007ರ ಕಾದಂಬರಿಯಲ್ಲಿ ನಿವೃತ್ತಿಗೊಳಿಸಿ, 2012ರಲ್ಲಿ ಹಳೆಯ ಪ್ರಕರಣಗಳ ವಿಭಾಗಕ್ಕೆ ಸಿವಿಲಿಯನ್ ಆಗಿ ಕರೆತಂದರು. ಅಮೆರಿಕದ ಮೈಕಲ್ ಕಾನಲಿ 2005ರಲ್ಲಿ ಹ್ಯಾರಿ ಬಾಷ್‌ನನ್ನು ಲಾಸ್ ಏಂಜಲೀಸ್ ಪೊಲೀಸರ ಬಗೆಹರಿಯದ ಪ್ರಕರಣಗಳ ಘಟಕಕ್ಕೆ ಮರಳಿಸಿದರು. ಬಾಷ್ ಬ್ಯಾಡ್ಜು, ಬಂದೂಕಿನ ಸಮೇತ ಮರಳುತ್ತಾನೆ. ರೀಬಸ್‌ಗೆ ಎರಡೂ ಇಲ್ಲ. ಎರಡು ದೇಶದ ಪದ್ಧತಿಯ ಅಂತರ ಅಲ್ಲೇ ತಿಳಿಯುತ್ತದೆ.

‘ನ್ಯೂ ಟ್ರಿಕ್ಸ್’ ನೋಡುವವರು 2003ರ ಮೊದಲ ಕಂತಿನಿಂದಲೇ ಶುರುಮಾಡಿ. ಪ್ರತಿ ಕಂತಿಗೂ ಪ್ರತ್ಯೇಕ ಪ್ರಕರಣ ಇರುವುದರಿಂದ ಎಲ್ಲಿಂದ ನೋಡಿದರೂ ನಡೆದೀತು ಅನ್ನಿಸುತ್ತದೆ, ಆದರೆ ಜ್ಯಾಕ್‌ನ ಹೆಂಡತಿಯ ಸಾವಿನ ಎಳೆ ಸರಣಿಗಳುದ್ದಕ್ಕೂ ಹರಿಯುತ್ತದೆ. ನಡುವೆ ಹೊಕ್ಕರೆ ಅದು ಕೈತಪ್ಪುತ್ತದೆ. ಜ್ಯಾಕ್ ಆಗಿದ್ದ ಜೇಮ್ಸ್ ಬೋಲಮ್ 2012ರಲ್ಲಿ, ಸ್ಯಾಂಡ್ರಾ ಆಗಿದ್ದ ಅಮಾಂಡಾ ರೆಡ್ಮನ್ ಮತ್ತು ಬ್ರಯನ್ ಆಗಿದ್ದ ಅಲನ್ ಆರ್ಮ್‌ಸ್ಟ್ರಾಂಗ್ 2013ರಲ್ಲಿ ಹೊರಬಂದರು. ಬದಲಿಗೆ ಬಂದವರು ಒಳ್ಳೆಯ ನಟರೇ, ಕಥೆಗಳೂ ಅಚ್ಚುಕಟ್ಟು. ಆದರೂ ಮೊದಲ ಎಂಟು ಸರಣಿಗಳಲ್ಲಿ ಆ ನಾಲ್ವರು ಒಂದೇ ಮೇಜಿನ ಸುತ್ತ ಕೂತು ಕಡತದ ಮೇಲೆ ಜಗಳವಾಡುವ ದೃಶ್ಯಗಳ ಬಿಗಿ ಆಮೇಲೆ ಸಿಗುವುದಿಲ್ಲ. ಬಿಡುವು ಕಡಿಮೆಯಿದ್ದರೆ ಆ ಎಂಟನ್ನು ಮಾತ್ರ ನೋಡಿ.